ಮುಟ್ಟಿದರೆ ಮುನಿಯುವ ಬ್ಯಾಕ್ಟೀರಿಯಾಗಳು

ಇ. ಕೋಲೈ ಬ್ಯಾಕ್ಟೀರಿಯಾಗಳನ್ನು ಒಂದರ ಹಿಂದೆ ಒಂದರಂತೆ ಉದ್ದಕ್ಕೆ ಮಲಗಿಸಿದರೆ ಒಂದು ಮಿಲಿಮೀಟರಿನಲ್ಲಿ ಸುಮಾರು 500 ಹಿಡಿಸುತ್ತವೆ. ಕರುಳಿನಲ್ಲಿ, ಹಲ್ಲಿನ ಮೇಲಿನ ಪಾಚಿಯಲ್ಲಿ, ಕೆರೆಯ ಕಲ್ಲಿಗೆ ಹತ್ತಿದ ಲೋಳೆಯಲ್ಲಿ ಇಂಥ ಜೀವಿಗಳು ಒತ್ತೊತ್ತಾಗಿ ಬದುಕುತ್ತವೆ. ಮುಂಬೈಯ ಚಾಳ್‌ಗಳನ್ನು ಕಂಡವರಿಗೆ ಈ ಬದುಕನ್ನು ಹೆಚ್ಚು ವಿವರಿಸಬೇಕಿಲ್ಲ. ಗೋಡೆಗೆ ಗೋಡೆ ತಾಗಿದ ಕಡೆ ಜಾಗಕ್ಕೂ ಪೈಪೋಟಿ, ನೀರಿಗೂ ಪೈಪೋಟಿ. ಚಾಳಿನ ಜಗಳ ಮಾತಿನಲ್ಲೇ ಮುಗಿಯಬಹುದು. ಬ್ಯಾಕ್ಟೀರಿಯಾಗಳ ಕೇರಿಯಲ್ಲಿ ಅದು ನೆರೆಯವರ ಪ್ರಾಣ ತೆಗೆಯುವವರೆಗೂ ಹೋಗುತ್ತದೆ.

ಸೂಕ್ಷ್ಮಜೀವಿಗಳು ಒಂದನ್ನೊಂದು ಕೊಲ್ಲುತ್ತವೆ ಎಂಬುದು ಹಳೆಯ ಸಂಗತಿ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಕಂಡ ಪೆನ್ಸಿಲಿನ್ ಒಂದು ಬೂಸ್ಟಿನ ಅಸ್ತ್ರ. ಕ್ಷಯಕ್ಕೆ ಔಷಧವಾದ ಸ್ಟ್ರೆಪ್ಟೋಮೈಸಿನ್ ಮಣ್ಣಿನ ಬ್ಯಾಕ್ಟೀರಿಯಾದ ಅಸ್ತ್ರ. ಇವೆಲ್ಲ ಸುತ್ತಲಿನ ನೀರಿಗೆ ವಿಷ ಬಿಟ್ಟು ದೂರದಿಂದ ಹೊಡೆಯುವ ರೀತಿಗಳು. ಮೈಗೆ ಮೈ ತಾಗಿಸಿ ಹೊಡೆಯುವ ರೀತಿಯೊಂದು ಇದೆ ಎಂಬುದು ಸ್ಪಷ್ಟವಾದದ್ದು 2005ರಲ್ಲಿ.

ಜರಡಿಯ ಆಚೆ, ಈಚೆ

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಶಾಖೆಯಲ್ಲಿ ಸ್ಟೆಫನಿ ಆಓಕಿ, ಡೇವಿಡ್ ಲೋ ಮತ್ತು ಸಂಗಡಿಗರು ಇಲಿಯ ಕರುಳಿನಿಂದ ಬಂದ ಇಸಿ93 ಎಂಬ ಇ. ಕೋಲೈ ತಳಿಯನ್ನು ಪ್ರಯೋಗಾಲಯದ ಸಾಧು ತಳಿಯೊಡನೆ ಬೆಳೆಸಿದರು. ಸಾಧು ತಳಿಯ ಬೆಳವಣಿಗೆ ನಿಂತೇಹೋಯಿತು. ಇಸಿ93 ಬೆಳೆದ ದ್ರವವನ್ನು ಸೋಸಿ ಅದನ್ನಷ್ಟೇ ಹಾಕಿದರೆ ಏನೂ ಆಗಲಿಲ್ಲ. ಎರಡರ ನಡುವೆ, ರಾಸಾಯನಿಕಗಳು ದಾಟಬಲ್ಲ ಆದರೆ ಜೀವಕೋಶಗಳು ದಾಟಲಾರದ ಸೂಕ್ಷ್ಮ ಜರಡಿ ಇಟ್ಟಾಗಲೂ ಸಾಧು ತಳಿ ಕ್ಷೇಮವಾಗಿತ್ತು. ಅಂದರೆ ಮುಟ್ಟಿದರಷ್ಟೇ ಮುನಿಸು.

ಇಸಿ93ರ ಮೈಮೇಲೆ ಸಿಡಿಐಎ ಎಂಬ ಉದ್ದನೆಯ ಪ್ರೋಟೀನ್ ಕಡ್ಡಿಗಳು ಚಾಚಿಕೊಂಡಿರುತ್ತವೆ. ಅವು ಪಕ್ಕದ ಕೋಶದ ಹೊರಪೊರೆಯಲ್ಲಿರುವ ಬಾಮ್‌ಎ ಎಂಬ ಪ್ರೋಟೀನನ್ನು ಹಿಡಿದುಕೊಳ್ಳುತ್ತವೆ. ಬಾಮ್‌ಎ ಇಲ್ಲದೆ ಹೊರಪೊರೆಯನ್ನೇ ಕಟ್ಟಲಾಗದು. ಹಾಗಾಗಿ ಅದನ್ನು ಬಿಟ್ಟು ತಪ್ಪಿಸಿಕೊಳ್ಳುವ ದಾರಿ ಇಲ್ಲ. ಹಿಡಿತ ಸಿಕ್ಕ ಮೇಲೆ ಕಡ್ಡಿಯ ವಿಷದ ತುಣುಕು ಒಳಗೆ ಸೇರುತ್ತದೆ. ಇಂಥ ವಿಷಗಳಲ್ಲಿ ಕೆಲವು ಡಿಎನ್‌ಎಯನ್ನು ಕತ್ತರಿಸುತ್ತವೆ, ಕೆಲವು ಒಳಪೊರೆಯನ್ನು ಕೆಡಿಸಿ ಕೋಶದ ಶಕ್ತಿಯನ್ನು ಇಂಗಿಸುತ್ತವೆ.

ಮೊದಲು ಏಟು, ಆಮೇಲೆ ಗುರುತು

ಪಕ್ಕದಲ್ಲಿರುವುದು ಒಡಹುಟ್ಟಿದ್ದೇ ಆದರೆ? ನನ್ನಂಥ ಸಾಫ್ಟ್‌ವೇರ್ ಮಂದಿ ಮೊದಲು ಪಾಸ್‌ವರ್ಡ್ ಕೇಳಿ ಆಮೇಲೆ ಒಳಗೆ ಬಿಡುವ ವ್ಯವಸ್ಥೆ ಕಟ್ಟುತ್ತೇವೆ. ಇಲ್ಲಿ ಕ್ರಮ ತಲೆಕೆಳಗು. ತನ್ನವರಿಗೂ ಏಟು ಬೀಳುತ್ತದೆ, ವಿಷ ಒಳಗೂ ಹೋಗುತ್ತದೆ. ಆದರೆ ಅವರ ಒಳಗೆ ಆ ವಿಷಕ್ಕೆಂದೇ ಸಿದ್ಧವಾದ ಪ್ರತಿವಿಷದ ಪ್ರೋಟೀನ್ ಕಾದಿರುತ್ತದೆ. ಅದು ವಿಷವನ್ನು ಅಪ್ಪಿ ಹಿಡಿದು ನಿಷ್ಕ್ರಿಯಗೊಳಿಸುತ್ತದೆ. ಬದುಕಿ ಉಳಿದರೆ ನಂಟ, ಇಲ್ಲವಾದರೆ ಪರಕೀಯ. ವಿಷದ ಜೀನ್ ಮತ್ತು ಪ್ರತಿವಿಷದ ಜೀನ್ ಅಕ್ಕಪಕ್ಕದಲ್ಲೇ ಇರುತ್ತವೆ. ಪ್ರತಿವಿಷವನ್ನು ಕಳೆದುಕೊಂಡ ಕೋಶವನ್ನು ಅದರ ಒಡಹುಟ್ಟಿದವೇ ಮುಗಿಸುತ್ತವೆ.

ಇದಕ್ಕಿಂತ ಉಗ್ರವಾದ ಆಯುಧವೂ ಇದೆ. 2006ರಲ್ಲಿ ಹಾರ್ವರ್ಡ್‌ನ ಜಾನ್ ಮೆಕಲಾನೊಸ್ ಅವರ ತಂಡ ಕಾಲರಾ ಬ್ಯಾಕ್ಟೀರಿಯಾದಲ್ಲಿ ಗುರುತಿಸಿದ 'ಆರನೇ ಬಗೆಯ ಸ್ರವಿಕೆ ವ್ಯವಸ್ಥೆ' ಅದು. ಬ್ಯಾಕ್ಟೀರಿಯಾಗಳಿಗೆ ಸೋಂಕು ತಗುಲಿಸುವ ವೈರಸ್‌ನ ಬಾಲವನ್ನು ಇದರ ರಚನೆ ಹೋಲುತ್ತದೆ. ಕೋಶದೊಳಗೆ ಕೊಳವೆಯೊಂದು, ಅದರ ಸುತ್ತ ಒರೆ. ಒರೆ ಕೆಲವೇ ಮಿಲಿಸೆಕೆಂಡುಗಳಲ್ಲಿ ಕುಗ್ಗಿ, ವಿಷ ಹೊತ್ತ ಕೊಳವೆಯನ್ನು ಈಟಿಯಂತೆ ನೆರೆಕೋಶಕ್ಕೆ ಚುಚ್ಚುತ್ತದೆ. ಆಮೇಲೆ ಒರೆಯ ಬಿಡಿಭಾಗಗಳನ್ನು ಬಿಚ್ಚಿ ಮತ್ತೊಂದು ಈಟಿ ಕಟ್ಟಲು ಬಳಸಿಕೊಳ್ಳುತ್ತದೆ.

ಕಾಲರಾ ಬ್ಯಾಕ್ಟೀರಿಯಾ ಸಿಕ್ಕಸಿಕ್ಕ ಕಡೆ ಈಟಿ ಬೀಸುತ್ತದೆ. ಸ್ಯೂಡೊಮೊನಾಸ್ ಎರುಜಿನೋಸಾ ಹಾಗಲ್ಲ. ಅದು ಪೆಟ್ಟು ತಿಂದ ಮೇಲೆ, ಪೆಟ್ಟು ಬಿದ್ದ ಜಾಗದಿಂದಲೇ ತಿರುಗಿ ಹೊಡೆಯುವುದನ್ನು ಮೆಕಲಾನೊಸ್ ತಂಡ 2013ರಲ್ಲಿ ಸೂಕ್ಷ್ಮದರ್ಶಕದಡಿ ತೋರಿಸಿತು. ಸುಮ್ಮನಿರುವ ನೆರೆಯವರ ತಂಟೆಗೆ ಅದು ಅಷ್ಟಾಗಿ ಹೋಗುವುದಿಲ್ಲ.

ಸತ್ತವರ ಆಸ್ತಿ

ಕಣ್ಣಿಗೆ ಕಾಣದವುಗಳ ಈ ಕಾದಾಟದಿಂದ ನಮಗೇನು? ಸತ್ತ ಕೋಶ ಒಡೆದಾಗ ಅದರ ಡಿಎನ್‌ಎ ಹೊರಗೆ ಚೆಲ್ಲುತ್ತದೆ. ಕಾಲರಾ ಬ್ಯಾಕ್ಟೀರಿಯಾ ನೀರಿನಲ್ಲಿ ಸೀಗಡಿಯಂಥ ಜೀವಿಗಳ ಚಿಪ್ಪಿನ ಮೇಲೆ ನೆಲೆಸಿದಾಗ ಈಟಿಯನ್ನೂ, ಹೊರಗಿನ ಡಿಎನ್‌ಎಯನ್ನು ಒಳಗೆಳೆಯುವ ಯಂತ್ರವನ್ನೂ ಒಟ್ಟಿಗೇ ಚಾಲೂ ಮಾಡುತ್ತದೆ ಎಂದು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಮೆಲನಿ ಬ್ಲೊಕೆಶ್ ಅವರ ತಂಡ 2015ರಲ್ಲಿ ತೋರಿಸಿತು. ನೆರೆಯವರನ್ನು ಕೊಂದು ಅವರ ಆಸ್ತಿ ಬಾಚಿಕೊಂಡಂತೆ! ಆ ಆಸ್ತಿಯಲ್ಲಿ ಆಂಟಿಬಯಾಟಿಕ್‌ಗೆ ಬಗ್ಗದ ಜೀನ್ ಇದ್ದರೆ ಅದೂ ಕೈಬದಲಾಗಬಹುದು. ಅಸಿನೆಟೋಬ್ಯಾಕ್ಟರ್ ಬೇಲಿಯೈ ಎಂಬ ಮಣ್ಣಿನ ಬ್ಯಾಕ್ಟೀರಿಯಾ ಇ. ಕೋಲೈಯನ್ನು ಕೊಂದು ಅಂಥ ಜೀನ್ ಪಡೆದುಕೊಂಡದ್ದನ್ನು ಪ್ರಯೋಗಾಲಯದಲ್ಲಿ ನೋಡಿದ್ದಾರೆ. ಇದೇ ಕುಲದ ಬೌಮನಿ ಪ್ರಭೇದ ನಮ್ಮ ಆಸ್ಪತ್ರೆಗಳ ಐಸಿಯುಗಳಲ್ಲಿ ವೈದ್ಯರ ನಿದ್ದೆ ಕೆಡಿಸಿದೆ.

ನೆಗಡಿಗೂ ಮೆಡಿಕಲ್ ಶಾಪಿನಿಂದ ಆಂಟಿಬಯಾಟಿಕ್ ತಂದು ನುಂಗುವವರು ಇದನ್ನು ನೆನಪಿಡಬೇಕು. ನೆಗಡಿ ವೈರಸ್‌ನದ್ದು, ಅದಕ್ಕೆ ಆ ಮಾತ್ರೆ ತಾಗದು. ತಾಗುವುದು ನಮ್ಮ ಕರುಳಿನ ಕೇರಿಗೆ. ಅಲ್ಲಿ ಮದ್ದಿಗೆ ಬಗ್ಗುವವು ಸತ್ತು, ಬಗ್ಗದವು ಉಳಿದು ಹೆಚ್ಚುತ್ತವೆ. ಆ ಬಗ್ಗದ ಜೀನ್‌ಗಳು ಅವುಗಳೊಂದಿಗೇ ಸಾಯಬೇಕೆಂದೇನಿಲ್ಲ. ಈಟಿ ಹಿಡಿದ ನೆರೆಯವರು ಪಕ್ಕದಲ್ಲೇ ಇರಬಹುದು.