ಪಂಡರಿಬಾಯಿ: ಸತಿಯಿಂದ ತಾಯಿಗೆ
ನಂಜನಗೂಡು–ತಿ. ನರಸೀಪುರ ಸೀಮೆಯ ಕಥನ ಪರಂಪರೆಯ ಬೆಳಕಿನಲ್ಲಿ ಒಂದು ನಟಿಜೀವನ

1954ರಲ್ಲಿ ತೆರೆಕಂಡ 'ಬೇಡರ ಕಣ್ಣಪ್ಪ' ರಾಜಕುಮಾರ್ ಅವರು ನಾಯಕರಾಗಿ ನಟಿಸಿದ ಮೊದಲ ಚಿತ್ರವೆಂದು ಕನ್ನಡ ಚಲನಚಿತ್ರ ಚರಿತ್ರೆಯಲ್ಲಿ ದಾಖಲಾಗಿದೆ. ಎಚ್.ಎಲ್.ಎನ್. ಸಿಂಹ ಅವರು ನಿರ್ದೇಶಿಸಿದ ಈ ಚಿತ್ರದಲ್ಲಿ ಕಣ್ಣಪ್ಪನ ಹೆಂಡತಿ ನೀಲೆಯ ಪಾತ್ರ ವಹಿಸಿದ ಪಂಡರಿಬಾಯಿಯವರು ಅಷ್ಟರಲ್ಲಾಗಲೇ ಹತ್ತು ವರ್ಷಗಳ ಚಿತ್ರಾನುಭವ ಉಳ್ಳವರಾಗಿದ್ದರು. ಮೂವತ್ತೆರಡು ವರ್ಷಗಳ ತರುವಾಯ, 1986ರಲ್ಲಿ, ಎಂ.ಎಸ್. ರಾಜಶೇಖರ್ ನಿರ್ದೇಶನದ 'ಅನುರಾಗ ಅರಳಿತು' ಚಿತ್ರದಲ್ಲಿ ಅದೇ ರಾಜಕುಮಾರ್ ಅವರಿಗೆ ಪಂಡರಿಬಾಯಿಯವರು ತಾಯಿಯಾಗಿ ಕಾಣಿಸಿಕೊಂಡರು. ಇಬ್ಬರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ನಾಯಕನು ನಾಯಕನಾಗಿಯೇ ಉಳಿದ, ನಾಯಕಿಯು ತಾಯಿಯಾದಳು. ಈ ಸ್ಥಿತ್ಯಂತರಕ್ಕೆ ಚಿತ್ರೋದ್ಯಮದ ರೂಢಿಯೊಂದೇ ಕಾರಣವೆ, ಅಥವಾ ಅದರ ಹಿಂದೆ ಹಳೆಯ ಕಥನ ಪರಂಪರೆಯ ಒತ್ತಡವೂ ಇದೆಯೆ ಎಂಬುದು ವಿಚಾರಣೀಯ.

ಈ ವಿಚಾರಣೆಗೆ ನಂಜನಗೂಡು ಮತ್ತು ತಿ. ನರಸೀಪುರ ಸೀಮೆಯು ತಕ್ಕ ನೆಲೆಯನ್ನು ಒದಗಿಸುತ್ತದೆ. ಕಪಿಲೆಯ ದಂಡೆಯ ನಂಜನಗೂಡಿನಿಂದ ಕಾವೇರಿ–ಕಪಿಲೆಯರ ಸಂಗಮವಾದ ತಿರುಮಕೂಡಲಿನವರೆಗಿನ ಈ ಪ್ರದೇಶದಲ್ಲಿ ಶಿವಭಕ್ತರ ಪುರಾಣವೂ ದೈವಗಳ ಮೌಖಿಕ ಕಾವ್ಯಗಳೂ ಒಟ್ಟೊಟ್ಟಿಗೆ ಬಾಳಿ ಬಂದಿವೆ. ಮೇಲೆ ಹೇಳಿದ ಎರಡೂ ಚಿತ್ರಗಳು ಈ ನೆಲಕ್ಕೆ ತಾಗಿಕೊಂಡಿವೆ. ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದಲ್ಲಿ ಸಾಲಾಗಿ ನಿಂತಿರುವ ಅರವತ್ತುಮೂವರು ಪುರಾತನರಲ್ಲಿ ಕಣ್ಣಪ್ಪನೂ ಒಬ್ಬ. 'ಅನುರಾಗ ಅರಳಿತು' ಚಿತ್ರದ ಪ್ರಸಿದ್ಧ ಗೀತೆಯೊಂದು ಸ್ತುತಿಸುವುದು ಶ್ರೀಕಂಠನನ್ನು. ಅದು ನಂಜುಂಡನ ಇನ್ನೊಂದು ಹೆಸರು. ಹೀಗೆ ಒಬ್ಬನೇ ದೇವರ ನೆರಳಿನಲ್ಲಿ ಪಂಡರಿಬಾಯಿಯವರು ಒಮ್ಮೆ ಸತಿಯಾಗಿ, ಇನ್ನೊಮ್ಮೆ ತಾಯಿಯಾಗಿ ನಿಲ್ಲುತ್ತಾರೆ.

ಹರಿಕಥೆಯಿಂದ ಚಿತ್ರರಂಗಕ್ಕೆ

ಪಂಡರಿಬಾಯಿಯವರು ಉತ್ತರ ಕನ್ನಡ ಜಿಲ್ಲೆಯ ಭಟ್ಕಳದವರು. ಅಣ್ಣ ವಿಮಲಾನಂದದಾಸರೊಡನೆ ಬಾಲ್ಯದಲ್ಲಿಯೇ ಹರಿಕಥೆಯ ವೇದಿಕೆಯನ್ನೇರಿದರು. 1943ರಲ್ಲಿ ಕೆ. ಹಿರಣ್ಣಯ್ಯನವರ 'ವಾಣಿ' ಚಿತ್ರದ ಮೂಲಕ ಸಿನಿಮಾವನ್ನು ಪ್ರವೇಶಿಸಿದರು.

ಹರಿಕಥೆಯ ಹಿನ್ನೆಲೆಯು ಎರಡು ಕಾರಣಗಳಿಂದ ಮುಖ್ಯವೆನಿಸುತ್ತದೆ. ಮೊದಲನೆಯದು ಸಾಮಾಜಿಕವಾದುದು. ಆ ಕಾಲದಲ್ಲಿ ಸಾರ್ವಜನಿಕವಾಗಿ ಹಾಡುವ, ಅಭಿನಯಿಸುವ ಹೆಣ್ಣಿನ ಬಗ್ಗೆ ಸಮಾಜಕ್ಕೆ ಗುಮಾನಿ ಇತ್ತು. 1878ರಲ್ಲಿ ನಂಜನಗೂಡಿನಲ್ಲಿಯೇ ಹುಟ್ಟಿದ, ದೇವದಾಸಿ ಮನೆತನದ ಬೆಂಗಳೂರು ನಾಗರತ್ನಮ್ಮನವರ ಬದುಕು ಇದಕ್ಕೆ ಸಾಕ್ಷಿ. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ ಆ ವಿದುಷಿಯು, ಅಲ್ಲಿನ ಆರಾಧನೆಯಲ್ಲಿ ಸ್ತ್ರೀಯರು ಹಾಡುವ ಹಕ್ಕಿಗಾಗಿ ಹೋರಾಡಬೇಕಾಯಿತು. ಇಂಥ ವಾತಾವರಣದಲ್ಲಿ ಭಕ್ತಿಕಥನದ ಮೂಲಕ ಬಂದ ಕಲಾವಿದೆಗೆ ಒಂದು ಬಗೆಯ ರಕ್ಷಣೆ ದೊರೆಯುತ್ತಿತ್ತು. ಎರಡನೆಯದು ಕಲೆಗೆ ಸಂಬಂಧಿಸಿದುದು. ಹರಿಕಥೆಯಲ್ಲಿ ಒಬ್ಬರೇ ಕಥೆಯ ಎಲ್ಲ ಪಾತ್ರಗಳನ್ನೂ ದನಿಯ ಏರಿಳಿತದಿಂದ ಬೇರೆ ಬೇರೆಯಾಗಿ ತೋರಿಸಬೇಕು. ಶೋಕವನ್ನು ಅಳುವಿನಲ್ಲಿ ಕಳೆದುಬಿಡದೆ ಮಾತಿನಲ್ಲಿ ಹಿಡಿದಿಡಬೇಕು. ಪಂಡರಿಬಾಯಿಯವರ ಸಂಭಾಷಣೆಯಲ್ಲಿ ಕಾಣುವ ಸ್ಪಷ್ಟ ಉಚ್ಚಾರ, ಸಂಯಮದ ದನಿಗಳಿಗೆ ಈ ತರಬೇತಿಯೇ ಬುನಾದಿಯೆಂದು ಭಾವಿಸಲು ಅವಕಾಶವಿದೆ.

ಸತಿಯ ಪಾತ್ರಗಳು

1952ರಲ್ಲಿ ಕೃಷ್ಣನ್–ಪಂಜು ನಿರ್ದೇಶನದ ತಮಿಳಿನ 'ಪರಾಶಕ್ತಿ' ಬಿಡುಗಡೆಯಾಯಿತು. ಶಿವಾಜಿ ಗಣೇಶನ್ ಅವರ ಮೊದಲ ಚಿತ್ರವಾದ ಇದರಲ್ಲಿ ನಾಯಕಿ ಪಂಡರಿಬಾಯಿ. ಎರಡು ವರ್ಷಗಳ ಬಳಿಕ ರಾಜಕುಮಾರ್ ಅವರ ಮೊದಲ ನಾಯಕಿಯೂ ಇವರೇ. ದಕ್ಷಿಣ ಭಾರತದ ಇಬ್ಬರು ಮಹಾನಟರು ನಾಯಕರಾಗಿ ತೆರೆಗೆ ಬಂದಾಗ ಎದುರಿಗೆ ಇದ್ದ ನಟಿ ಒಬ್ಬರೇ ಎಂಬುದು ಅಪರೂಪದ ಸಂಗತಿ.

'ಬೇಡರ ಕಣ್ಣಪ್ಪ'ದ ನೀಲೆಯ ಪಾತ್ರ ಜಾನಪದ ದೃಷ್ಟಿಯಿಂದ ಕುತೂಹಲಕರವಾಗಿದೆ. ಸೇಕ್ಕಿಳಾರನ 'ಪೆರಿಯ ಪುರಾಣ'ದಲ್ಲಿ ಕಣ್ಣಪ್ಪನು ತಿಣ್ಣನೆಂಬ ಹದಿಹರೆಯದ ಬೇಡ. ಅಲ್ಲಿ ಅವನಿಗೆ ಹೆಂಡತಿಯ ಕಥೆಯಿಲ್ಲ. ಕಥೆಯು ರಂಗಭೂಮಿಗೂ ಸಿನಿಮಾಕ್ಕೂ ಬರುವಾಗ ಸಂಸಾರವೊಂದು ಅದಕ್ಕೆ ಸೇರಿಕೊಂಡಿತು. ಭಕ್ತನ ಕಷ್ಟಕ್ಕೆ ಹೆಗಲು ಕೊಡುವ ಹೆಣ್ಣಿಲ್ಲದೆ ಜನಪ್ರಿಯ ಕಥನ ಮುಂದುವರಿಯದು. ಪುರಾಣವು ಕೊಡದಿದ್ದ ಪಾತ್ರಕ್ಕೆ ಹಸಿವು, ಆತಂಕ, ನಿಷ್ಠೆಗಳನ್ನು ತುಂಬಿ ಬದುಕು ಕೊಡುವ ಕೆಲಸ ನಟಿಯ ಪಾಲಿಗೆ ಬಂದಿತು.

1955ರ 'ಸಂತ ಸಖು'ವಿನಲ್ಲಿ ಅತ್ತೆಯ ಹಿಂಸೆಯನ್ನು ಸಹಿಸಿ ಪಾಂಡುರಂಗನ ಕೃಪೆಗೆ ಪಾತ್ರಳಾಗುವ ಸೊಸೆಯಾಗಿ ಅವರು ನಟಿಸಿದರು. 1965ರಲ್ಲಿ ಹುಣಸೂರು ಕೃಷ್ಣಮೂರ್ತಿಯವರ 'ಸತ್ಯ ಹರಿಶ್ಚಂದ್ರ'ದಲ್ಲಿ ಚಂದ್ರಮತಿಯಾದರು. ಚಂದ್ರಮತಿಯ ಪಾತ್ರದಲ್ಲಿ ಸತಿಯೂ ತಾಯಿಯೂ ಒಂದುಗೂಡುತ್ತಾರೆ. ಕಾಶಿಯಲ್ಲಿ ಮಾರಾಟವಾಗುವವಳು ಹೆಂಡತಿ. ಹಾವು ಕಚ್ಚಿ ಸತ್ತ ಮಗನನ್ನು ಹೊತ್ತು ಸುಡುಗಾಡಿಗೆ ಬರುವವಳು ತಾಯಿ. ಅಲ್ಲಿ ಸುಂಕ ಕೇಳುವವನು ಗಂಡನೇ. ಪಂಡರಿಬಾಯಿಯವರ ವೃತ್ತಿಜೀವನವೂ ಇದೇ ಹೊತ್ತಿಗೆ ಸತಿಯ ಪಾತ್ರಗಳಿಂದ ತಾಯಿಯ ಪಾತ್ರಗಳತ್ತ ಹೊರಳುತ್ತಿತ್ತು.

ತಾಯಿಯ ಪಾತ್ರಗಳು

1967ರಲ್ಲಿ ಪುಟ್ಟಣ್ಣ ಕಣಗಾಲ್ ಅವರು ಮೈಸೂರಿನ ಲೇಖಕಿ ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ 'ಬೆಳ್ಳಿಮೋಡ'ವನ್ನು ತೆರೆಗೆ ತಂದರು. ಇದರಲ್ಲಿ ಪಂಡರಿಬಾಯಿಯವರು ಕಲ್ಪನಾ ಅವರ ತಾಯಿ. ಬಹುಕಾಲ ಒಬ್ಬಳೇ ಮಗಳಿದ್ದ ಮನೆಯಲ್ಲಿ ತಾಯಿ ಮತ್ತೆ ಗರ್ಭವತಿಯಾಗಿ ಗಂಡು ಮಗುವನ್ನು ಹೆರುತ್ತಾಳೆ, ಆಸ್ತಿಯ ಆಸೆಯಿಂದ ಒಪ್ಪಿದ್ದ ವರನು ಮದುವೆಯಿಂದ ಹಿಂದೆ ಸರಿಯುತ್ತಾನೆ, ತಾಯಿಯೂ ಉಳಿಯುವುದಿಲ್ಲ. ತಾಯ್ತನವೇ ಮಗಳ ಬಾಳಿಗೆ ಮುಳುವಾಗುವ ಈ ಸಂಕಟವನ್ನು ಪಂಡರಿಬಾಯಿಯವರು ಅಬ್ಬರವಿಲ್ಲದೆ ನಿರ್ವಹಿಸಿದರು. ಆಗ ಅವರಿಗೆ ನಲವತ್ತು ತುಂಬಿರಲಿಲ್ಲ.

ತಮಿಳಿನಲ್ಲಿ ಈ ಸ್ಥಿತ್ಯಂತರ ಇನ್ನೂ ಢಾಳಾಗಿ ಕಾಣುತ್ತದೆ. 1968ರ 'ಕುಡಿಯಿರುಂದ ಕೋಯಿಲ್' ಚಿತ್ರದಲ್ಲಿ, ತಮಗಿಂತ ಹತ್ತು ವರ್ಷಕ್ಕೂ ಹೆಚ್ಚು ಹಿರಿಯರಾದ ಎಂ.ಜಿ. ರಾಮಚಂದ್ರನ್ ಅವರಿಗೆ ಅವರು ತಾಯಿ. 1969ರ 'ದೈವ ಮಗನ್' ಚಿತ್ರದಲ್ಲಿ ಶಿವಾಜಿ ಗಣೇಶನ್ ಅವರು ತಂದೆಯಾಗಿಯೂ ಇಬ್ಬರು ಮಕ್ಕಳಾಗಿಯೂ ಮೂರು ಪಾತ್ರಗಳಲ್ಲಿ ನಟಿಸಿದರು. ಪಂಡರಿಬಾಯಿಯವರು ಆ ತಂದೆಗೆ ಹೆಂಡತಿ, ಆ ಮಕ್ಕಳಿಗೆ ತಾಯಿ. ಒಬ್ಬ ನಟನ ವಯಸ್ಸು ಒಂದೇ ಚಿತ್ರದಲ್ಲಿ ಹಿಂದಕ್ಕೂ ಮುಂದಕ್ಕೂ ಚಲಿಸಬಹುದಾಗಿತ್ತು. ನಟಿಯ ವಯಸ್ಸಿಗೆ ಮುಂದಕ್ಕೆ ಮಾತ್ರ ದಾರಿಯಿತ್ತು. 1992ರ 'ಮನ್ನನ್' ಚಿತ್ರದಲ್ಲಿ ರಜನೀಕಾಂತ್ ಅವರ ತಾಯಿಯಾದಾಗ ಅವರ ಚಿತ್ರಜೀವನ ಐದನೆಯ ದಶಕದ ಕೊನೆಯನ್ನು ಮುಟ್ಟುತ್ತಿತ್ತು. 'ಅನುರಾಗ ಅರಳಿತು' ಕಥೆಯ ತಮಿಳು ರೂಪವೇ ಆದ ಈ ಚಿತ್ರದಲ್ಲಿಯೂ ಅದೇ ತಾಯಿಯ ಪಾತ್ರ ಅವರದಾದುದು ಉಲ್ಲೇಖನೀಯ.

ದೀರ್ಘಕಾಲ ನಟಿಸಿದ ನಾಯಕಿಯರೆಲ್ಲರಿಗೂ ತಾಯಿಯ ಪಾತ್ರಗಳು ಬರುವುದು ಸಹಜವೆಂದು ವಾದಿಸಬಹುದು. ಅನ್ಯ ದೇಶದ ಒಂದು ನಿದರ್ಶನದೊಡನೆ ಹೋಲಿಸಿದರೆ ವ್ಯತ್ಯಾಸ ಗೋಚರಿಸುತ್ತದೆ. ಫ್ರಾನ್ಸಿನ ನಟಿ ಡಾನಿಯೆಲ್ ದಾರ್ಯೂ (1917–2017) ಹದಿನಾಲ್ಕನೆಯ ವಯಸ್ಸಿನಲ್ಲಿ, 1931ರಲ್ಲಿ, ತೆರೆಗೆ ಬಂದು ಎಂಟು ದಶಕಗಳ ಕಾಲ ನಟಿಸಿದವರು. 'ಬೆಳ್ಳಿಮೋಡ' ಬಂದ 1967ರಲ್ಲಿಯೇ ತೆರೆಕಂಡ, ಜಾಕ್ ದೆಮಿ ಅವರ ರೋಶ್‌ಫೋರ್ ಪಟ್ಟಣದ ಕಥೆಯುಳ್ಳ ಸಂಗೀತಮಯ ಚಿತ್ರದಲ್ಲಿ ಅವರು ಇಬ್ಬರು ಪ್ರಾಯದ ಹೆಣ್ಣುಮಕ್ಕಳ ತಾಯಿ. ಆದರೆ ಆ ತಾಯಿಗೆ ತನ್ನದೇ ಪ್ರೇಮಕಥೆಯಿದೆ. ಕೊನೆಯಲ್ಲಿ ಅಗಲಿದ ಪ್ರಿಯನು ಅವಳಿಗೆ ಮತ್ತೆ ಸಿಗುತ್ತಾನೆ. ಅದೇ ವರ್ಷದ ಕನ್ನಡದ ತಾಯಿ ಹೆತ್ತು ಸಾಯುತ್ತಾಳೆ. ಇಬ್ಬರೂ ತಾಯಂದಿರೇ, ಬೇರೆಯಾಗಿರುವುದು ತಾಯಿಯನ್ನು ಕುರಿತು ಆಯಾ ಸಮಾಜವು ಹೇಳಿಕೊಳ್ಳುವ ಕಥೆ.

ತೆರೆಯು ಬಿಟ್ಟುಕೊಟ್ಟದ್ದು

ಕನ್ನಡ ಜನಪದವು ಹೆಣ್ಣನ್ನು ಸಹನೆಯ ಮೂರ್ತಿಯಾಗಿ ಮಾತ್ರ ಕಂಡಿದೆ ಎಂಬ ತೀರ್ಮಾನಕ್ಕೆ ಬಂದರೆ ಅದು ಅವಸರದ ಮಾತಾದೀತು. ನಂಜನಗೂಡು–ತಿ. ನರಸೀಪುರ ಸೀಮೆಯ ಮೌಖಿಕ ಸಂಪತ್ತೇ ಇದನ್ನು ಅಲ್ಲಗಳೆಯುತ್ತದೆ. ನಂಜುಂಡ–ಚಾಮುಂಡಿಯರ ಹಾಡುಗಳಲ್ಲಿ ಬೆಟ್ಟದ ಚಾಮುಂಡಿಯು ಮಹಿಷನನ್ನು ಕೊಂದವಳು ಮಾತ್ರವಲ್ಲ, ನಂಜುಂಡನ ಪ್ರೇಯಸಿಯೂ ಹೌದು. ಮಡದಿ ದೇವೀರಿಯು ಸುಮ್ಮನೆ ಕಣ್ಣೀರಿಡುವವಳಲ್ಲ. ಗಂಡನೊಡನೆ ಜಗಳಕ್ಕೆ ನಿಲ್ಲುತ್ತಾಳೆ, ಸವತಿಗೆ ಮಾತಿಗೆ ಮಾತು ಕೊಡುತ್ತಾಳೆ. ಕಂಸಾಳೆಯವರು ಹಾಡುವ ಮಲೆಯ ಮಾದೇಶ್ವರನ ಕಾವ್ಯದ ಸಂಕಮ್ಮನ ಸಾಲಿನಲ್ಲಿ, ಜೇನಿಗೆ ಹೊರಟ ಗಂಡ ನೀಲಯ್ಯನು ಹೆಂಡತಿಯ ಶೀಲವನ್ನು ಶಂಕಿಸಿ ಭಾಷೆ ಕೊಡೆಂದು ಒತ್ತಾಯಿಸುತ್ತಾನೆ. ಸಂಕಮ್ಮ ಅದಕ್ಕೆ ಒಪ್ಪದೆ ಚಿತ್ರಹಿಂಸೆಗೆ ಗುರಿಯಾಗುತ್ತಾಳೆ; ಮಾದೇಶ್ವರನು ಅವಳ ಕಡೆಗೆ ನಿಲ್ಲುತ್ತಾನೆ. ಇವಳೂ ಸಹಿಸುತ್ತಾಳೆ, ಆದರೆ ಇವಳ ಸಹನೆಯ ಒಳಗೆ ನಿರಾಕರಣೆಯಿದೆ.

ಜನಪ್ರಿಯ ಸಿನಿಮಾವು ಪರಂಪರೆಯಿಂದ ಚಂದ್ರಮತಿಯನ್ನೂ ಸಖುವನ್ನೂ ಆಯ್ದುಕೊಂಡಿತು. ಚಾಮುಂಡಿ, ದೇವೀರಿ, ಸಂಕಮ್ಮರನ್ನು ಬಹುಮಟ್ಟಿಗೆ ಹೊರಗಿಟ್ಟಿತು. ಪಂಡರಿಬಾಯಿಯವರ ವೃತ್ತಿಜೀವನ ಈ ಆಯ್ಕೆಯ ಫಲ. ಇದೇ ಅಚ್ಚು ಅವರಿಗೆ ಹರಿಕಥೆಯ ಕಾಲದಿಂದ ಗೌರವವನ್ನು ಒದಗಿಸಿತು, ಓರಗೆಯ ನಟಿಯರು ತೆರೆಮರೆಗೆ ಸರಿದ ಮೇಲೂ ಕೆಲಸವನ್ನು ಕೊಟ್ಟಿತು. ಅದೇ ಅಚ್ಚು ಅವರ ಪಾತ್ರಗಳ ಹರಹನ್ನು ಕಿರಿದುಗೊಳಿಸಿತು.

ಆ ಅಚ್ಚನ್ನು ಮೀರುವ ಶಕ್ತಿ ಅವರಲ್ಲಿತ್ತು ಎಂಬುದಕ್ಕೆ ಆಧಾರಗಳಿವೆ. 'ಬೇಡರ ಕಣ್ಣಪ್ಪ' ಬಂದ 1954ರಲ್ಲಿಯೇ ಎಸ್. ಬಾಲಚಂದರ್ ಅವರು ಹಾಡುಗಳೇ ಇಲ್ಲದ 'ಅಂದ ನಾಳ್' ಎಂಬ ತಮಿಳು ಚಿತ್ರವನ್ನು ನಿರ್ದೇಶಿಸಿದರು. ಅದರಲ್ಲಿ ಪಂಡರಿಬಾಯಿಯವರು ವಹಿಸಿದ್ದು ದೇಶಕ್ಕೆ ದ್ರೋಹ ಬಗೆದ ಗಂಡನಿಗೆ ಎದುರಾಗಿ ನಿಲ್ಲುವ ಹೆಂಡತಿಯ ಪಾತ್ರವನ್ನು. ಅವನ ಸಾವು ಸಂಭವಿಸುವುದು ಅವಳ ಕೈಯಿಂದಲೇ. ಕನ್ನಡದಲ್ಲಿ ಸತಿಯ ಆದರ್ಶವನ್ನು ಅಭಿನಯಿಸಿದ ವರ್ಷವೇ ತಮಿಳಿನಲ್ಲಿ ಅದರ ಎದುರು ಬದಿಯನ್ನೂ ಅವರು ಅಭಿನಯಿಸಿದ್ದರು. 1957ರ 'ರಾಯರ ಸೊಸೆ' ಚಿತ್ರವನ್ನು ಸ್ವತಃ ನಿರ್ಮಿಸಿ, ಬಂಡವಾಳದ ಹೊಣೆಯನ್ನೂ ಹೊತ್ತರು. ತೆರೆಯ ಮೇಲಿನ ವಿಧೇಯ ಸೊಸೆಯು ತೆರೆಯ ಹಿಂದೆ ಸ್ವತಂತ್ರ ನಿರ್ಧಾರಗಳ ಉದ್ಯಮಿಯಾಗಿದ್ದಳು.

ಪಂಡರಿಬಾಯಿಯವರು 2003ರ ಜನವರಿ 29ರಂದು ಚೆನ್ನೈಯಲ್ಲಿ ನಿಧನರಾದರು. ಅವರನ್ನು ಬೆಳ್ಳಿತೆರೆಯ 'ಅಮ್ಮ' ಎಂದು ಸ್ಮರಿಸುವುದು ವಾಡಿಕೆ. ಅದರಲ್ಲಿ ಪ್ರೀತಿಯಿದೆ, ಹರಿಕಥಾ ಕಲಾವಿದೆ, ಇಬ್ಬರು ಮಹಾನಟರ ಮೊದಲ ನಾಯಕಿ, ನಿರ್ಮಾಪಕಿ ಎಂಬ ಗುರುತುಗಳು ಆ ಪ್ರೀತಿಯಲ್ಲಿ ಮರೆಯಾಗುವ ಅಪಾಯವೂ ಇದೆ. ಚಲನಚಿತ್ರ ಚರಿತ್ರೆಯು ನಟಿಯರನ್ನು ಪಾತ್ರಗಳ ಪಟ್ಟಿಯಿಂದ ಅಳೆಯುತ್ತ ಬಂದಿದೆ. ಯಾವ ಕಥನ ಪರಂಪರೆ ಆ ಪಾತ್ರಗಳನ್ನು ರೂಪಿಸಿತು, ಯಾವುದನ್ನು ಅವರಿಗೆ ನಿರಾಕರಿಸಿತು ಎಂಬುದನ್ನು ಜಾನಪದದ ನೆರವಿನಿಂದ ಕಾಣಲು ಸಾಧ್ಯ. ಕಣ್ಣಪ್ಪನ ವಿಗ್ರಹಕ್ಕೆ ನಂಜನಗೂಡಿನ ಕಲ್ಲಿನ ಸಾಲಿನಲ್ಲಿ ಸ್ಥಾನವಿದೆ. ಅವನ ಜೊತೆಗೆ ತೆರೆಯ ಮೇಲೆ ಬಾಳಿದ ನೀಲೆಗೆ ಅಂಥ ಸ್ಥಾನವಿಲ್ಲ. ಅವಳು ಉಳಿದಿರುವುದು ಪಂಡರಿಬಾಯಿಯವರ ಅಭಿನಯದಲ್ಲಿ. ಆ ಅಭಿನಯವನ್ನು ದಾಖಲಿಸಿ ಅರ್ಥೈಸುವುದು ಚಿತ್ರ ಚರಿತ್ರೆ ಮತ್ತು ಜಾನಪದ ಅಧ್ಯಯನಗಳೆರಡರ ಹೊಣೆ.