ಕೋಟು ತೂಗುಹಾಕುವ ಗೂಡಿನಲ್ಲೊಂದು ಸರ್ವರ್

ಮನೆಯಲ್ಲೊಂದು ಸರ್ವರ್ ಇಟ್ಟುಕೊಳ್ಳುತ್ತಿದ್ದೇನೆ ಎಂದು ತಿಪಟೂರಿನ ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು: "ಅದು ಡೌನ್ ಆಗಲ್ವೇನೋ?" ರೇಷನ್ ಅಂಗಡಿ, ಬ್ಯಾಂಕು, ನೋಂದಣಿ ಕಚೇರಿ, ಎಲ್ಲಿ ಹೋದರೂ "ಸರ್ವರ್ ಡೌನ್, ನಾಳೆ ಬನ್ನಿ" ಕೇಳಿಸಿಕೊಂಡು ವಾಪಸ್ ಬಂದವಳು. ಅಪ್ಪನಿಗೆ ಸರ್ವರ್ ಎಂದರೆ ಇವತ್ತಿಗೂ ಹೋಟೆಲಿನವನೇ, ಹೆಗಲ ಮೇಲೆ ಬಟ್ಟೆ ಹಾಕಿಕೊಂಡು "ಏನ್ ಕೊಡ್ಲಿ ಸಾರ್" ಅನ್ನುವವನು. ನಿಜ ಹೇಳಬೇಕೆಂದರೆ ಅಪ್ಪನ ಅರ್ಥವೇ ಹತ್ತಿರ. ಕೇಳಿದ್ದನ್ನು ಒಳಗಿಂದ ತಂದುಕೊಡುವುದು, ಇನ್ನೊಬ್ಬರು ಕರೆಯುವ ತನಕ ಸುಮ್ಮನೆ ನಿಂತಿರುವುದು. ಸರ್ವರ್ ಎಂಬ ಕಂಪ್ಯೂಟರಿನ ಕೆಲಸವೂ ಅಷ್ಟೇ. ಅದಕ್ಕೆ ಪರದೆ ಬೇಡ, ಕೀಬೋರ್ಡ್ ಬೇಡ. ಕರೆಂಟು ಮತ್ತು ನೆಟ್ಟಿನ ತಂತಿ ಇದ್ದರೆ ಸಾಕು.

ನಾವಿರುವುದು ವರ್ಜೀನಿಯಾದ ಆ್ಯಶ್‌ಬರ್ನ್‌ನಲ್ಲಿ. ಮಗಳನ್ನು ಎಲ್ಲಿಗೆ ಬಿಡಲು ಹೊರಟರೂ ದಾರಿಯ ಎರಡೂ ಕಡೆ ಕಿಟಕಿಯಿಲ್ಲದ ದೊಡ್ಡ ದೊಡ್ಡ ಕಟ್ಟಡಗಳು. ಲೋಕವೆಲ್ಲ ಕ್ಲೌಡ್ ಎಂದು ಕರೆಯುವುದು ಇವನ್ನೇ. ಅಮೆಜಾನ್ 2006ರಲ್ಲಿ ಈ ವ್ಯಾಪಾರ ಶುರುಮಾಡಿದ್ದು ಉತ್ತರ ವರ್ಜೀನಿಯಾದಿಂದ. ಹೀಗೇ ದಕ್ಷಿಣಕ್ಕೆ ಇಳಿದರೆ ನಾರ್ತ್ ಕೆರೊಲೈನಾದ ಮೇಡನ್‌ನಲ್ಲಿ ಆ್ಯಪಲ್‌ನದು, ಲೆನೊಯಿರ್‌ನಲ್ಲಿ ಗೂಗಲ್‌ನದು, ಸೌತ್ ಕೆರೊಲೈನಾದ ಮಾಂಕ್ಸ್ ಕಾರ್ನರ್‌ನಲ್ಲಿ, ಅಟ್ಲಾಂಟಾದ ಪಡುವಣಕ್ಕಿರುವ ಡಗ್ಲಸ್ ಕೌಂಟಿಯಲ್ಲಿ ಮತ್ತೆ ಗೂಗಲ್‌ನದು. 2012ರ ಜೂನ್ 29ರ ರಾತ್ರಿ ಡೆರೇಚೊ ಎಂಬ ಬಿರುಗಾಳಿ ವಾಷಿಂಗ್ಟನ್ ಸುತ್ತಮುತ್ತ ಮರ, ಕಂಬ ಎನ್ನದೆ ಕೆಡವಿದಾಗ ಅಮೆಜಾನಿನ ಇಲ್ಲಿನ ಕೇಂದ್ರಕ್ಕೂ ಕರೆಂಟು ಹೋಯಿತು; ನೆಟ್‌ಫ್ಲಿಕ್ಸ್, ಇನ್‌ಸ್ಟಾಗ್ರಾಂ, ಪಿಂಟರೆಸ್ಟ್ ಗಂಟೆಗಟ್ಟಲೆ ಮಲಗಿದವು. ಅಮ್ಮನ ರೇಷನ್ ಅಂಗಡಿಯ ಗತಿ ಅವಕ್ಕೂ ತಪ್ಪಿದ್ದಲ್ಲ.

ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಲೆಕ್ಕವಿಲ್ಲದಷ್ಟು ಪುಕ್ಕಟೆ ಜಾಗ ಕೊಡುವುದನ್ನು ನಿಲ್ಲಿಸಿತು. 15 ಜಿಬಿ ದಾಟಿದರೆ ಬಾಡಿಗೆ. ಬಾಡಿಗೆ ಉಳಿಸಲೆಂದು ಮನೆ ಸರ್ವರಿನ ಕೆಲಸಕ್ಕೆ ಇಳಿಯುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಡಿಸ್ಕಿನ ಬೆಲೆ, ಕಳೆದ ಭಾನುವಾರಗಳ ಬೆಲೆ ಕೂಡಿಸಿದರೆ ಉಳಿಯುವುದು ಏನೂ ಇಲ್ಲ. ನಾನು ಇಳಿದದ್ದು ಬೇರೆ ಕಾರಣಕ್ಕೆ. ಮನೆಮಂದಿಯ ಚಿತ್ರಗಳು ಏಳೆಂಟು ಫೋನು, ಮೂರು ಖಾತೆ, ಎರಡು ಹಳೆ ಲ್ಯಾಪ್‌ಟಾಪುಗಳಲ್ಲಿ ಚೆಲ್ಲಾಪಿಲ್ಲಿಯಾಗಿದ್ದವು. ಯಾರ ಪಾಸ್‌ವರ್ಡ್ ಯಾರಿಗೆ ಗೊತ್ತು ಎಂಬುದೇ ಯಾರಿಗೂ ಗೊತ್ತಿರಲಿಲ್ಲ.

ಯಂತ್ರದ ವಿಷಯ ಬೇಗ ಮುಗಿಸೋಣ. ಹಳೆ ಡೆಸ್ಕ್‌ಟಾಪ್ ಪುಕ್ಕಟೆ ಸಿಕ್ಕಿತೆಂದು ಹಿಗ್ಗಬೇಡಿ. ಅದು 70 ವ್ಯಾಟ್ ಎಳೆಯಿತೆನ್ನಿ, ವರ್ಷದ 8,760 ಗಂಟೆಗೆ 613 ಯೂನಿಟ್. ಯೂನಿಟ್ಟಿಗೆ 15 ಸೆಂಟಿನಂತೆ 92 ಡಾಲರ್. ಇಂಟೆಲ್ ಎನ್100 ಚಿಪ್ಪಿನ ಅಂಗೈಯಗಲದ ಪೆಟ್ಟಿಗೆ ಸುಮ್ಮನಿರುವಾಗ 10 ವ್ಯಾಟಿನ ಆಸುಪಾಸು, ವರ್ಷಕ್ಕೆ 13 ಡಾಲರ್. ಕಚೇರಿಗಳಿಂದ ಲೀಸು ಮುಗಿದು ಹೊರಬೀಳುವ ಪುಟ್ಟ ಡೆಲ್, ಲೆನೊವೊ ಪೆಟ್ಟಿಗೆಗಳೂ ಆಗುತ್ತವೆ. ವಾಷಿಂಗ್ಟನ್ ಸುತ್ತ ಕಚೇರಿಗಳಿಗೇನು ಬರವೇ. ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳುವವರಿಗೆ ಫೇರ್‌ಫ್ಯಾಕ್ಸ್, ರಾಕ್‌ವಿಲ್, ಶಾರ್ಲೆಟ್, ಅಟ್ಲಾಂಟಾ ಕಡೆಯ ಡುಲೂತ್‌ಗಳಲ್ಲಿ ಮೈಕ್ರೋ ಸೆಂಟರ್ ಇದೆ. 16 ಜಿಬಿ ರ‍್ಯಾಮ್ ಇದ್ದರೆ ಆರಾಮ. ಚಿತ್ರಗಳಿಗೆ ಒಳಗೇ ಕೂರುವ 2 ಟೆರಾಬೈಟ್ ಎಸ್‌ಎಸ್‌ಡಿ ಹಾಕಿ. ತೂಗಾಡುವ ಯುಎಸ್‌ಬಿ ವೈರಿನ ತುದಿಗೆ ಮನೆಯ ನೆನಪು ಕಟ್ಟಬೇಡಿ. ವೈಫೈ ಬೇಡ, ರೂಟರಿನಿಂದ ತಂತಿ ಎಳೆಯಿರಿ, ರೂಟರಿನಲ್ಲೇ ಅದಕ್ಕೊಂದು ಕಾಯಂ ವಿಳಾಸ ಕಾದಿರಿಸಿ. ನಮ್ಮ ರೂಟರ್ ಇರುವುದು ಚಳಿಗಾಲದ ಕೋಟು ತೂಗುಹಾಕುವ ಗೂಡಿನಲ್ಲಾದ್ದರಿಂದ ಸರ್ವರ್ ಕೂಡ ಅಲ್ಲೇ, ಬೂಟುಗಳ ಮೇಲಿನ ಹಲಗೆಯಲ್ಲಿ.

ಅದರ ಮೇಲೆ ಡೆಬಿಯನ್ ಲಿನಕ್ಸ್. 1993ರಿಂದ ಸ್ವಯಂಸೇವಕರೇ ನಡೆಸಿಕೊಂಡು ಬಂದದ್ದು. ಕೂರಿಸುವಾಗ ಡೆಸ್ಕ್‌ಟಾಪ್ ಬೇಕೇ ಎಂದು ಕೇಳುತ್ತದೆ, ಬೇಡ ಅನ್ನಿ. ದೂರದಿಂದ ಒಳಹೊಗಲು ಎಸ್‌ಎಸ್‌ಎಚ್ ಬೇಕೇ ಅಂದರೆ ಹೂಂ ಅನ್ನಿ. ಆಮೇಲೆ ಎಲ್ಲವೂ ಲ್ಯಾಪ್‌ಟಾಪಿನಿಂದಲೇ. ಭದ್ರತೆಯ ತಿದ್ದುಪಡಿಗಳು ತಾವೇ ಬಂದು ಕೂರುವ ವ್ಯವಸ್ಥೆಯನ್ನು ಮೊದಲ ದಿನವೇ ಮಾಡಿ. ಎರಡನೇ ದಿನ ಮರೆತಿರುತ್ತೀರಿ.

ನಂತರ ಡಾಕರ್. ಇದನ್ನು ಟಿಫನ್ ಕ್ಯಾರಿಯರ್ ಅಂದುಕೊಳ್ಳಿ. ಒಂದೊಂದು ಡಬ್ಬಿಯಲ್ಲಿ ಒಂದೊಂದು ತಂತ್ರಾಂಶ, ತನಗೆ ಬೇಕಾದ ಉಪ್ಪು ಹುಳಿ ಸಮೇತ. ಸಾರು ಮೊಸರನ್ನಕ್ಕೆ ಸೋರುವುದಿಲ್ಲ. ಯಾವ ಡಬ್ಬಿ, ಯಾವ ಕ್ರಮ ಎಂದು ಬರೆದಿಡುವ ಒಂದು ಪುಟದ ಚೀಟಿಗೆ ಕಂಪೋಸ್ ಫೈಲ್ ಎಂದು ಹೆಸರು. ಹೊಸಬರು ಎಡವುವುದು ಒಂದೇ ಕಡೆ. ಡಬ್ಬಿಯನ್ನು ಯಾವಾಗ ಬೇಕಾದರೂ ಬಿಸಾಕಿ ಹೊಸದು ತರಬಹುದು, ಅದು ಇರುವುದೇ ಹಾಗೆ. ಆದರೆ ಡಬ್ಬಿಯೊಳಗೇ ಬಿಟ್ಟ ಚಿತ್ರ ಡಬ್ಬಿಯ ಜೊತೆ ಹೋಗುತ್ತದೆ. ಚಿತ್ರ, ಕಡತ, ಡೇಟಾಬೇಸ್, ಮೂರೂ ಡಿಸ್ಕಿನಲ್ಲಿ ನೀವು ಹೆಸರಿಟ್ಟ ಫೋಲ್ಡರಿನಲ್ಲಿ ಇರಬೇಕು. ಯಾವುದು ಎಲ್ಲಿ ಎಂಬುದು ಆ ಚೀಟಿಯಲ್ಲಿ ಕಾಣಬೇಕು.

ಎರಡೇ ಕೆಲಸ ಸಾಕು ಎಂದು ಶಪಥ ಮಾಡಿದ್ದೆ. ಸಿನಿಮಾಕ್ಕೆ ಜೆಲ್ಲಿಫಿನ್, ಕ್ಯಾಲೆಂಡರಿಗೆ ನೆಕ್ಸ್ಟ್‌ಕ್ಲೌಡ್, ಜಾಹೀರಾತು ತಡೆಯಲು ಪೈ-ಹೋಲ್, ಆಸೆಗೆ ಕೊನೆಯಿಲ್ಲ. ಒಂದೊಂದೂ ಒಂದೊಂದು ಹಸು. ಮೇವು ಹಾಕುವವನು ನಾನೊಬ್ಬನೇ.

ಮೊದಲ ಕೆಲಸ ಚಿತ್ರಗಳು, ಅದಕ್ಕೆ ಇಮ್ಮಿಚ್. ಫೋನಿನ ಆ್ಯಪ್ ತಾನೇ ಚಿತ್ರಗಳನ್ನು ಮನೆಗೆ ಕಳಿಸುತ್ತದೆ. ಮುಖ ಗುರುತಿಸುವುದು, ತಾರೀಕಿನ ಪ್ರಕಾರ ಜೋಡಿಸುವುದು ಎಲ್ಲ ಆ ಪುಟ್ಟ ಪೆಟ್ಟಿಗೆಯಲ್ಲೇ. ಮೊದಲ ವಾರ ನಮ್ಮಜ್ಜಿಯನ್ನೂ ಚಿಕ್ಕಜ್ಜಿಯನ್ನೂ ಒಬ್ಬರೇ ಎಂದು ಸೇರಿಸಿಬಿಟ್ಟಿತ್ತು. ಬದುಕಿದ್ದಷ್ಟು ಕಾಲ ಇಬ್ಬರೂ ಒಪ್ಪದಿದ್ದ ಮಾತು ಅದು. ಗೂಗಲ್‌ನಲ್ಲಿದ್ದುದನ್ನು ಅದರದೇ ಟೇಕ್‌ಔಟ್ ಸೇವೆಯ ಮೂಲಕ ಇಳಿಸಿಕೊಳ್ಳುವಾಗ ಎಚ್ಚರ: ನೀವು ಕೈಯಾರೆ ಹಾಕಿದ ತಾರೀಕು ಚಿತ್ರದೊಳಗೆ ಇರುವುದಿಲ್ಲ, ಪಕ್ಕದಲ್ಲೊಂದು ಜೇಸನ್ ಕಡತದಲ್ಲಿರುತ್ತದೆ. ಚಿತ್ರ ಮಾತ್ರ ನಕಲು ಮಾಡಿದರೆ ಸ್ಕ್ಯಾನ್ ಮಾಡಿದ ಅಜ್ಜನ ಮದುವೆಯೂ, ವಾಟ್ಸಾಪಿನಲ್ಲಿ ಬಂದ ನಾಮಕರಣವೂ ಇವತ್ತೇ ನಡೆದಂತೆ ಸಾಲಾಗಿ ನಿಲ್ಲುತ್ತವೆ. ಎರಡನ್ನೂ ಹೊಂದಿಸಿ ಸೇರಿಸುವ ಇಮ್ಮಿಚ್-ಗೋ ಎಂಬ ಉಚಿತ ಸಲಕರಣೆ ಇದೆ, ಅದನ್ನೇ ಬಳಸಿ.

ಇನ್ನೊಂದು ತೊಡಕು ನಮ್ಮ ಲಿಪಿಯದೇ. ಇಂಗ್ಲಿಷಿನಲ್ಲಿ ಹೆಸರಿಡುವವರಿಗೆ ಇದು ಎದುರಾಗುವುದೇ ಇಲ್ಲ. ಹಳೆ ಮ್ಯಾಕ್‌ನ ಡಿಸ್ಕನ್ನೂ ಹೆಂಡತಿಯ ವಿಂಡೋಸ್ ಲ್ಯಾಪ್‌ಟಾಪನ್ನೂ ಸರ್ವರಿಗೆ ಸುರಿದಾಗ 'ಫೋಟೋ' ಎಂಬ ಎರಡು ಫೋಲ್ಡರುಗಳು ಅಕ್ಕಪಕ್ಕ ಕೂತಿದ್ದವು. ಒಂದೇ ಜಾಗದಲ್ಲಿ ಒಂದೇ ಹೆಸರಿನ ಎರಡು ಫೋಲ್ಡರ್ ಇರಲು ಸಾಧ್ಯವೇ ಇಲ್ಲ. ಕಣ್ಣುಜ್ಜಿಕೊಂಡು ನೋಡಿದೆ, ಕೊನೆಗೆ ಹೆಸರನ್ನು ಬಿಡಿಸಿ ಎಣಿಸಿದೆ. ಒಂದರಲ್ಲಿ 4 ಸಂಕೇತ, ಇನ್ನೊಂದರಲ್ಲಿ 8! ಯೂನಿಕೋಡ್‌ನಲ್ಲಿ 'ೋ' ಗುರುತನ್ನು ಇಡಿಯಾಗಿಯೂ ಬರೆಯಬಹುದು. ಕಾಗುಣಿತ ಒಪ್ಪಿಸುವಂತೆ 'ೆ', 'ೂ', 'ೕ' ಎಂದು ಮೂರು ತುಂಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ವಿಂಡೋಸ್ ಇಡಿಯಾಗಿ ಬಿಡುತ್ತದೆ, ಮ್ಯಾಕ್‌ನ ಹಳೆಯ ಕಡತ ವ್ಯವಸ್ಥೆ ಒಡೆದು ಇಡುತ್ತಿತ್ತು. ಲಿನಕ್ಸ್‌ಗೆ ಅರ್ಥದ ಗೊಡವೆ ಇಲ್ಲ, ಸಂಕೇತ ಬೇರೆಯಾದರೆ ಹೆಸರೂ ಬೇರೆ. 'ಮದುವೆ', 'ಊರು' ಎಂದು ಹೆಸರಿಟ್ಟವರಿಗೆ ಈ ಕಾಟವಿಲ್ಲ. 'ದೀಪಾವಳಿ'ಗೆ ಇದೆ, 'ಮೈಸೂರು'ಗೂ ಇದೆ. ಕಾನ್ವ್‌ಎಮ್‌ವಿ ಎಂಬ ಸಣ್ಣ ಸಲಕರಣೆಗೆ ಎಲ್ಲವನ್ನೂ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಇಡಿ ಅಕ್ಷರಕ್ಕೆ, ತಿರುಗಿಸು ಎಂದು ಹೇಳಿದರೆ ಬಗೆಹರಿಯುತ್ತದೆ. ಒಂದೇ ಹೆಸರಿಗೆ ಬರುವ ಎರಡು ಫೋಲ್ಡರಿದ್ದರೆ ಮೊದಲು ಒಂದರ ಹೆಸರು ಬದಲಿಸಿಕೊಳ್ಳಿ.

ಎರಡನೇ ಕೆಲಸ ಕಾಗದಪತ್ರ, ಅದಕ್ಕೆ ಪೇಪರ್‌ಲೆಸ್-ಎನ್‌ಜಿಎಕ್ಸ್. ಸ್ಕ್ಯಾನ್ ಮಾಡಿ ಒಂದು ಫೋಲ್ಡರಿಗೆ ಹಾಕಿದರೆ ಅದು ಟೆಸೆರಾಕ್ಟ್‌ನಿಂದ ಅಕ್ಷರ ಓದಿಸಿ ಹುಡುಕಲು ಬರುವಂತೆ ಇಡುತ್ತದೆ. ಟೆಸೆರಾಕ್ಟ್‌ಗೆ ಕನ್ನಡ ಬರುತ್ತದೆ, ಆದರೆ ಕೇಳದೆ ಬರುವುದಿಲ್ಲ. ಕನ್ನಡ, ಇಂಗ್ಲಿಷ್ ಎರಡನ್ನೂ ಓದು ಎಂದು ಸೆಟ್ಟಿಂಗಿನಲ್ಲಿ ಬರೆಯಬೇಕು. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ 'ಅಕ್ಕ' 2006ರಲ್ಲಿ ಬಾಲ್ಟಿಮೋರ್‌ನಲ್ಲಿ ನಡೆಸಿದ ಸಮ್ಮೇಳನದ ಕಾಗದಗಳನ್ನು ಹಾಕಿದೆ, ಮುದ್ರಣ ಚೊಕ್ಕವಾಗಿದ್ದ ಪುಟಗಳನ್ನು ಚೆನ್ನಾಗಿಯೇ ಓದಿತು. ಮೊಳೆ ಅಚ್ಚಿನ ಹಳೆ ಲಗ್ನಪತ್ರಿಕೆಯ ಒತ್ತಕ್ಷರಗಳಲ್ಲಿ ತಡವರಿಸಿತು. ಅಜ್ಜನ ಇನ್‌ಲ್ಯಾಂಡ್ ಪತ್ರದ ಕೈಬರಹಕ್ಕೆ ಕೈಯೆತ್ತಿತು. ಅದಕ್ಕೆ ನಾನೇ ಒಂದು ಸಾಲಿನ ವಿವರ ಬರೆದಿಟ್ಟೆ.

ಇಷ್ಟೂ ಮನೆಯೊಳಗಿನ ಮಾತು. ತಿಪಟೂರಿನಿಂದ ಅಮ್ಮ ನೋಡುವುದು ಹೇಗೆ? ರೂಟರಿನಲ್ಲಿ ಬಾಗಿಲು ತೆರೆದು ಇಮ್ಮಿಚ್ಚನ್ನು ನೇರವಾಗಿ ಬೀದಿಗೆ ನಿಲ್ಲಿಸುವುದು ಸುಲಭ, ಮಾಡಬೇಡಿ. ತೆರೆದ ಬಾಗಿಲನ್ನು ತಟ್ಟಿ ನೋಡುವ ಯಂತ್ರಗಳು ಲೋಕದಲ್ಲಿ ಹಗಲಿರುಳೂ ತಿರುಗುತ್ತಿರುತ್ತವೆ. ವೈರ್‌ಗಾರ್ಡ್ ಹಾಕಿಕೊಳ್ಳಿ. 2020ರಿಂದ ಲಿನಕ್ಸಿನ ಒಳಗೇ ಸೇರಿರುವ ಸುರಂಗ ಇದು, ಕೀಲಿಯಿಲ್ಲದವರು ತಟ್ಟಿದರೆ ಉತ್ತರವನ್ನೇ ಕೊಡುವುದಿಲ್ಲ. ಅಮ್ಮನ ಫೋನಿಗೆ ಕೀಲಿ ಹೋದದ್ದು ಕ್ಯೂಆರ್ ಚಿತ್ರವಾಗಿ, ವಿಡಿಯೋ ಕಾಲಿನಲ್ಲಿ ಅಕ್ಕನ ಮಗ ಸ್ಕ್ಯಾನ್ ಮಾಡಿಕೊಟ್ಟ. ನಿಮ್ಮ ನೆಟ್ ಕಂಪನಿ ಹಲವು ಮನೆಗಳಿಗೆ ಒಂದೇ ವಿಳಾಸ ಹಂಚಿದ್ದರೆ ಹೊರಗಿನಿಂದ ನಿಮ್ಮ ಮನೆ ಸಿಗುವುದಿಲ್ಲ. ಆಗ ಇಂಥದ್ದೇ ಸುರಂಗ ಕೊಡುವ ಟೇಲ್‌ಸ್ಕೇಲ್ ಸುಲಭ. ಎರಡೂ ತುದಿಗಳನ್ನು ಪರಿಚಯಿಸುವ ಅದರ ನಡುವಿನ ಸರ್ವರಿನ ತಂತ್ರಾಂಶ ಮುಕ್ತವಲ್ಲ. ಅದೂ ಮುಕ್ತವಾಗಿರಬೇಕೆಂಬ ಹಟದವರಿಗೆ ಹೆಡ್‌ಸ್ಕೇಲ್ ಇದೆ.

ಇಲ್ಲಿಗೆ ಅರ್ಧ ಕೆಲಸ ಮುಗಿದಿದೆ, ಹೆಚ್ಚಿನವರು ಪೂರ್ತಿ ಮುಗಿಯಿತೆಂದು ಕೈ ತೊಳೆದುಕೊಳ್ಳುವುದೂ ಇಲ್ಲಿಯೇ. ಒಂದೇ ಡಿಸ್ಕು, ಒಂದೇ ಗೂಡು. ನಮ್ಮ ಪುಣ್ಯಕ್ಕೆ ಅಣ್ಣ ನಾರ್ತ್ ಕೆರೊಲೈನಾದ ಕೇರಿಯಲ್ಲಿದ್ದಾನೆ, ದೊಡ್ಡಪ್ಪನ ಮಗಳು ಅಟ್ಲಾಂಟಾ ಬಳಿ ಅಲ್ಫರೆಟ್ಟಾದಲ್ಲಿ. ಒಬ್ಬರ ಸರ್ವರಿನ ಪ್ರತಿ ಉಳಿದಿಬ್ಬರ ಮನೆಯಲ್ಲಿ ಎಂದು ಒಪ್ಪಂದವಾಯಿತು. ಲೆಕ್ಕ ಹಾಕಿದೆ: ನಮ್ಮ ಕೇಬಲ್ ನೆಟ್ಟಿನಲ್ಲಿ ಮೇಲೇರುವ ವೇಗ ಸೆಕೆಂಡಿಗೆ 10 ಮೆಗಾಬಿಟ್, 1 ಟೆರಾಬೈಟ್ ಕಳಿಸಲು ಎಡೆಬಿಡದೆ 9 ದಿನ ಬೇಕು. ಕಾರಿನಲ್ಲಿ 95ನೇ ಹೆದ್ದಾರಿ ಹಿಡಿದು ಪೀಟರ್ಸ್‌ಬರ್ಗ್ ಬಳಿ 85ಕ್ಕೆ ತಿರುಗಿದರೆ ಕೇರಿಗೆ ಐದು ಗಂಟೆ. ಮೊದಲ ಪ್ರತಿ ಹೋದದ್ದು ಹಿಂದಿನ ಸೀಟಿನಲ್ಲಿ, ಚಕ್ಕುಲಿ ಡಬ್ಬಿಯ ಪಕ್ಕ. ಆಮೇಲೆ ಪ್ರತಿ ರಾತ್ರಿ ರೆಸ್ಟಿಕ್ ಎಂಬ ಬ್ಯಾಕಪ್ ತಂತ್ರಾಂಶ ಆ ದಿನದ ಹೊಸದನ್ನಷ್ಟೇ ಸುರಂಗದ ಮೂಲಕ ಕಳಿಸುತ್ತದೆ, ಗೂಢಲಿಪಿಯಲ್ಲಿ; ಡಿಸ್ಕು ಅಣ್ಣನ ಮನೆಯಲ್ಲಿದ್ದರೂ ಪಾಸ್‌ವರ್ಡ್ ಇಲ್ಲದೆ ಅವನಿಗೆ ಒಂದಕ್ಷರ ಓದಲಾಗದು.

ಯುಪಿಎಸ್ ಒಂದಿರಲಿ, ಬೇಸಿಗೆಯ ಗುಡುಗು ಮಳೆ ಆ್ಯಶ್‌ಬರ್ನ್, ಅಟ್ಲಾಂಟಾ ಎರಡನ್ನೂ ಬಿಡುವುದಿಲ್ಲ. ಕರೆಂಟು ಬಂದೊಡನೆ ತಾನೇ ಏಳು ಎಂಬ ಸೂಚನೆ ಬಯೋಸ್‌ನಲ್ಲಿದೆ, ಅದನ್ನು ಹಾಕಿ. ನಾನು ಹಾಕಿರಲಿಲ್ಲ. ಕಸ ಎಳೆಯುವ ಯಂತ್ರಕ್ಕೆಂದು ಯಾರೋ ಪ್ಲಗ್ ಕಿತ್ತು ವಾಪಸ್ ಸಿಕ್ಕಿಸಿದ್ದಾರೆ; ಮೂರು ದಿನ ಸರ್ವರ್ ಮಲಗಿದ್ದುದು ನನಗೆ ಗೊತ್ತಾದದ್ದು ತಿಪಟೂರಿನಿಂದ.

ಪ್ರತಿ ಇದೆ ಎಂದ ಮಾತ್ರಕ್ಕೆ ವಾಪಸ್ ಬರುತ್ತದೆ ಎಂದಲ್ಲ, ತರಿಸಿ ನೋಡಬೇಕು. ಕಳೆದ ಸಲ ಕೇರಿಗೆ ಹೋದಾಗ ಅಣ್ಣನ ಹಳೆ ಲ್ಯಾಪ್‌ಟಾಪಿನ ಮೇಲೆ ಮೊದಲಿನಿಂದ ಎಲ್ಲವನ್ನೂ ಎಬ್ಬಿಸಲು ಕೂತೆವು. ಚಿತ್ರಗಳೆಲ್ಲ ಬಂದವು, ಯಾರಿಗೂ ಹೆಸರಿರಲಿಲ್ಲ. ಆಲ್ಬಂ ಇಲ್ಲ, ಅಜ್ಜಿ ಇಲ್ಲ, ಚಿಕ್ಕಜ್ಜಿ ಇಲ್ಲ. ಹೆಸರುಗಳಿರುವುದು ಡೇಟಾಬೇಸಿನಲ್ಲಿ. ಇಮ್ಮಿಚ್ ದಿನಕ್ಕೊಮ್ಮೆ ಅದರ ಪ್ರತಿ ತೆಗೆದು ಬೇರೊಂದು ಫೋಲ್ಡರಿನಲ್ಲಿಡುತ್ತದೆ, ನಾನು ಆ ಫೋಲ್ಡರನ್ನೇ ಬ್ಯಾಕಪ್ಪಿನ ಪಟ್ಟಿಗೆ ಸೇರಿಸಿರಲಿಲ್ಲ. ಅಲ್ಲಿಂದಲೇ ಮನೆಯ ಸರ್ವರಿಗೆ ಹೊಕ್ಕು ಸೇರಿಸಿದೆ, ಮರುದಿನ ಮತ್ತೆ ಎಬ್ಬಿಸಿದಾಗ ಇಬ್ಬರು ಅಜ್ಜಿಯರೂ ಬೇರೆ ಬೇರೆಯಾಗಿ ಬಂದರು. ಅಷ್ಟರಲ್ಲಿ ಅತ್ತಿಗೆ, "ಇದರ ಪಾಸ್‌ವರ್ಡ್ ನಿನಗಲ್ಲದೆ ಇನ್ಯಾರಿಗೆ ಗೊತ್ತು?" ಎಂದಳು. ರೆಸ್ಟಿಕ್‌ನ ಪಾಸ್‌ವರ್ಡ್ ಕಳೆದುಹೋದರೆ ಪ್ರತಿ ಎಷ್ಟಿದ್ದರೂ ಕಲ್ಲು. ಕಾಗದದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದೆ, ಎರಡು ಪ್ರತಿ. ಒಂದು ಅವರ ಮನೆಯ ಓಸಿಐ ಕಾರ್ಡುಗಳ ಲಕೋಟೆಯಲ್ಲಿದೆ. ಇನ್ನೊಂದನ್ನು ಅಮ್ಮ ಊರಿನ ಬೀರುವಿನಲ್ಲಿ ಪಹಣಿಯ ಜೊತೆ ಇಟ್ಟಿದ್ದಾಳೆ.