ಬೇತೇಲ್, ಬೇರ್ಷೆಬ, ಬೊಮ್ಮಸಂದ್ರ: ಊರ ಹೆಸರು ಬಿಡಿಸುವ ಬಗೆ

ಗಾಂಧಿನಗರದಿಂದ ಮೆಜೆಸ್ಟಿಕ್ ಬಸ್ ನಿಲ್ದಾಣಕ್ಕೆ ಇಳಿದು ಬೋರ್ಡು ಓದುವಾಗ ‘ಬೊಮ್ಮಸಂದ್ರ’ ಕಂಡರೆ ಎರಡಾಗಿ ಬಿಡಿಸಿ ನೋಡಿ: ಬೊಮ್ಮ, ಸಂದ್ರ. ಸಂದ್ರ ಎಂದರೆ ಸಮುದ್ರ. ದೊಡ್ಡ ಕೆರೆಯನ್ನು ನಮ್ಮ ಹಿರಿಯರು ಕರೆದದ್ದೇ ಹಾಗೆ. ಬೈಬಲ್ಲಿನ ಹೀಬ್ರೂ ಊರುಗಳನ್ನೂ ಹೀಗೆಯೇ ಬಿಡಿಸಬಹುದು. 1831ರ ಹೊತ್ತಿಗೆ ಬಳ್ಳಾರಿಯ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ ಇಡೀ ಬೈಬಲ್ ಕನ್ನಡಕ್ಕೆ ಬಂತು. ಇಂದಿನ ಕನ್ನಡ ಬೈಬಲ್ಲಿನಲ್ಲೂ ಊರ ಹೆಸರುಗಳು ಅನುವಾದವಾಗದೆ ಮೂಲದ ಉಲಿಯಲ್ಲೇ ಇವೆ. ನಾಲ್ಕೈದು ತುಂಡು ಗೊತ್ತಿದ್ದರೆ ಅರ್ಧ ಅರ್ಥವಾದಂತೆ.

‘ಬೇತ್’ ಎಂದರೆ ಮನೆ. ‘ಏಲ್’ ದೇವರು; ಬೇತೇಲ್ ದೇವರ ಮನೆ. ‘ಲೆಹೆಮ್’ ರೊಟ್ಟಿ, ಯೇಸು ಹುಟ್ಟಿದ ಬೇತ್ಲೆಹೇಮ್ ರೊಟ್ಟಿಯ ಮನೆ. ‘ಕಫರ್’ ಹಳ್ಳಿ, ಕಪೆರ್ನೌಮ್ ನಹೂಮನ ಹಳ್ಳಿ. ‘ಏನ್’ ನೀರಿನ ಊಟೆ. ಏನ್‌ಗೆದಿ ಆಡುಮರಿಯ ಊಟೆ. ‘ಗತ್’ ಎಂದರೆ ಹಿಂಡುವ ತೊಟ್ಟಿ. ಗೆತ್ಸೇಮನೆ ಎಣ್ಣೆ ತೆಗೆಯುವ ಜಾಗ. ಗಾಣಿಗರಪೇಟೆ ಇರುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬೇರ್ಷೆಬವನ್ನು ಸ್ವಲ್ಪ ನಿಂತು ನೋಡಬೇಕು. ‘ಬೇರ್’ ಎಂದರೆ ಬಾವಿ. ನಮ್ಮ ಬೇರಿಗೂ ಅದಕ್ಕೂ ನಂಟಿಲ್ಲ. ‘ಷೆಬ’ ಏಳು ಎಂದೂ ಆಗುತ್ತದೆ, ಆಣೆ ಎಂದೂ ಆಗುತ್ತದೆ. ಅಬ್ರಹಾಮ ತೋಡಿಸಿದ ಬಾವಿಯನ್ನು ಅರಸ ಅಬೀಮೆಲೆಕನ ಆಳುಗಳು ಕಿತ್ತುಕೊಂಡಿದ್ದರು. ವ್ಯಾಜ್ಯ ತೀರಿಸಲು ಅಬ್ರಹಾಮ ಏಳು ಹೆಣ್ಣು ಕುರಿಮರಿ ಕೊಟ್ಟ, ಇಬ್ಬರೂ ಆಣೆ ಇಟ್ಟರು. ಆದಿಕಾಂಡದ 21ನೇ ಅಧ್ಯಾಯದ ಈ ಕಥೆ ಎರಡು ಅರ್ಥವನ್ನೂ ಒಂದೇ ಬಾವಿಯ ದಡದಲ್ಲಿ ಕೂಡಿಸಿಬಿಡುತ್ತದೆ.

ಹಾಗೆಂದು ಕಥೆ ಹೇಳುವ ಅರ್ಥವೇ ಹೆಸರಿನ ಮೂಲ ಎನ್ನಲಾಗದು. ಬಾಬೆಲ್ ಎಂಬುದನ್ನು ಆದಿಕಾಂಡವು ‘ಗಲಿಬಿಲಿ ಮಾಡು’ ಎಂಬ ಹೀಬ್ರೂ ಪದಕ್ಕೆ ಜೋಡಿಸುತ್ತದೆ. ಆ ನಗರದವರ ಅಕ್ಕಾಡಿಯನ್ ಭಾಷೆಯಲ್ಲಿ ‘ಬಾಬಿಲಿ’ ಎಂದರೆ ದೇವರ ಬಾಗಿಲು. ಯೆರೂಸಲೇಮನ್ನು ಶಾಂತಿಯ ನಗರ ಎನ್ನುವುದು ವಾಡಿಕೆ; ‘ಶಾಲೇಮ್ ಎಂಬ ದೇವತೆಯ ನೆಲೆ’ ಎಂಬುದು ಹಲವು ವಿದ್ವಾಂಸರ ಮಾತು. ಈಜಿಪ್ಟಿನಲ್ಲಿ ಸಿಕ್ಕ ಕ್ರಿ.ಪೂ. 14ನೇ ಶತಮಾನದ ಅಮರ್ನಾ ಪತ್ರಗಳಲ್ಲಿ ಅದು ‘ಉರುಸಲಿಮ್’.

ನಮ್ಮ ಬೆಂಗಳೂರಿನದೂ ಇದೇ ಪಾಡು. ಹಸಿದ ದೊರೆ ಬಲ್ಲಾಳರಾಯನಿಗೆ ಅಜ್ಜಿ ಬೆಂದ ಕಾಳು ಕೊಟ್ಟದ್ದರಿಂದ ಊರಿಗೆ ಈ ಹೆಸರು ಬಂತೆಂಬ ಕಥೆ 12ನೇ ಶತಮಾನದ್ದೆನ್ನುತ್ತಾರೆ. ಬೇಗೂರಿನ ವೀರಗಲ್ಲು ಸುಮಾರು 890ರಲ್ಲೇ ಬೆಂಗಳೂರಿನ ಕಾಳಗವನ್ನು ಹೆಸರಿಸಿದೆ. ಹೆಸರು ಮೊದಲು, ಕಥೆ ಆಮೇಲೆ.

ಆದ್ದರಿಂದ ಮೊದಲು ಪದ ಬಿಡಿಸಿ, ಆಮೇಲೆ ಕಥೆ ಓದಿ, ಕೊನೆಗೆ ಹಳೆಯ ಬರಹ ಏನನ್ನುತ್ತದೆ ನೋಡಿ. ಕಥೆ ಸೋತರೂ ಎಸೆಯಬೇಡಿ. ಜನ ತಮ್ಮ ಊರನ್ನು ಹೇಗೆ ಕಂಡರೆಂದು ಹೇಳುವುದು ಅದೇ. ಮೆಜೆಸ್ಟಿಕ್ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕೆರೆ ಹೋಗಿದೆ, ಪಕ್ಕದ ಟ್ಯಾಂಕ್ ಬಂಡ್ ರಸ್ತೆಯ ಹೆಸರಿನಲ್ಲಿ ಅದರ ಏರಿ ಇನ್ನೂ ಇದೆ.